ಟಿಪ್ಪುವಿನ ಖಂಜರ್ ಅಲ್ಲ, ಈಶಾಪುರದ ಬಯನೆಟ್

ಮಂಗಳೂರಿನಿಂದ ಸೊಲ್ಲಾಪುರಕ್ಕೆ ಹೋಗುತ್ತಿದ್ದ ಹಳೆಯ ರಾಷ್ಟ್ರೀಯ ಹೆದ್ದಾರಿ 13ರಲ್ಲಿ ಲಾರಿ ಓಡಿಸಿದ ನಮ್ಮ ಬ್ಯಾರಿಗಳಿಗೆ ಹಿಟ್ನಾಳ ಗೊತ್ತಿಲ್ಲದೆ ಇರಲಿಕ್ಕಿಲ್ಲ. ಹೊಸಪೇಟೆ ಬಿಟ್ಟು ತುಂಗಭದ್ರೆ ದಾಟಿದ ಮೇಲೆ ಸಿಗುವ ಊರು. ಚಹಾ ಕುಡಿದು ಮುಂದೆ ಹೋಗುವವರಿಗೆ ಅದೊಂದು ಕ್ರಾಸ್ ಅಷ್ಟೇ. ಆದರೆ ಆ ಸೀಮೆಯ ಮಣ್ಣಿನಲ್ಲಿ ಎಷ್ಟು ಯುದ್ಧಗಳ ಕಬ್ಬಿಣ ಬಿದ್ದಿದೆ ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ.

ಪಕ್ಕದ ಕೊಪ್ಪಳ ಕೋಟೆಯನ್ನೇ ನೋಡಿ. 1786ರಲ್ಲಿ ಟಿಪ್ಪು ಸುಲ್ತಾನರು ಅದನ್ನು ಪಾಳೆಯಗಾರನಿಂದ ಪಡೆದು, ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಬಲಪಡಿಸಿದರು. ನಿಜಾಮನ ಸೈನ್ಯ ಮತ್ತು ಕಂಪನಿ ಸೈನ್ಯ ಸೇರಿ ಮುತ್ತಿಗೆ ಹಾಕಿದರೂ ಸುಮಾರು ಆರು ತಿಂಗಳು ಅದು ಬಗ್ಗಲಿಲ್ಲ, ಕೈಬಿಟ್ಟದ್ದು 1791ರಲ್ಲಿ. 1819ರಲ್ಲಿ ಅಲ್ಲಿ ಮತ್ತೊಮ್ಮೆ ಫಿರಂಗಿ ಹಾರಿತು. 1858ರಲ್ಲಿ ಮುಂಡರಗಿ ಭೀಮರಾವ್ ಮತ್ತು ಹಮ್ಮಿಗಿ ಕೆಂಚನಗೌಡರು ಅದೇ ಕೋಟೆ ಹಿಡಿದು, ಅಲ್ಲೇ ಬ್ರಿಟಿಷರೊಂದಿಗೆ ಹೋರಾಡಿ ಸತ್ತರು. ಆಮೇಲೆ 1948ರ ಸೆಪ್ಟೆಂಬರ್‌ವರೆಗೂ ಇದು ನಿಜಾಮನ ಹೈದರಾಬಾದ್ ರಾಜ್ಯ. ಹೊಳೆಯ ಆಚೆ ದಡದ ಹೊಸಪೇಟೆ ಮದ್ರಾಸ್ ಪ್ರಾಂತದಲ್ಲಿತ್ತು.

ಹೀಗಿರುವಾಗ ಹಳೆ ಮನೆ ಕೆಡವಿದಾಗ ತೊಲೆಯ ಸಂದಿಯಿಂದ ಒಂದು ಉದ್ದನೆಯ ಚೂರಿ ಬಿದ್ದರೆ ಜನ ಏನು ಹೇಳುತ್ತಾರೆ? ಒಂದೋ ಟಿಪ್ಪುವಿನ ಖಂಜರ್. ಇಲ್ಲವೇ ರಜಾಕಾರರ ಚೂರಿ. ಮೂರನೆಯ ಮಾತು ಯಾರ ಬಾಯಿಂದಲೂ ಬರುವುದಿಲ್ಲ.

ನಾವು ಆ ಕಡೆಯ ಒಂದು ಮದರಸದಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಹೀಗೇ ಆಯಿತು. ಊರಲ್ಲಿ ನಮ್ಮನ್ನು ಉಸ್ತಾದ್ ಎಂದು ಕರೆದರೆ ಅಲ್ಲಿ ಹಜರತ್ ಎನ್ನುತ್ತಾರೆ. ಹಳೆ ಮಾಳಿಗೆ ಮನೆ ಕೆಡವಿದ ಕುಟುಂಬದ ವಯಸ್ಸಾದ ತಾಯಿಯೊಬ್ಬರು ಮೊಮ್ಮಗನ ಕೈಯಲ್ಲಿ ಬಟ್ಟೆ ಸುತ್ತಿದ ಗಂಟು ಹಿಡಿಸಿಕೊಂಡು ಬಂದರು. "ಹಜರತ್, ಇದರ ಮ್ಯಾಲ ಅರಬಿ ಬರದಾರಂತ. ಏನೈತಿ ಓದಿ ಹೇಳ್ರಿ" ಎಂದರು. ಟಿಪ್ಪುವಿನದು ಎಂದಾದರೆ ಲಕ್ಷಗಟ್ಟಲೆ ಕೊಡುತ್ತೇನೆಂದು ಯಾರೋ ಮೊಮ್ಮಗನಿಗೆ ಆಸೆ ಹಚ್ಚಿದ್ದರು. ತಾಯಿಯ ಚಿಂತೆ ಬೇರೆಯೇ. ಗಂಡನ ಅಣ್ಣನ ಮೇಲೆ 1948ರಲ್ಲಿ ಊರಿನವರು ಏನೇನೋ ಮಾತಾಡಿದ್ದರಂತೆ. ಆ ಮಾತಿಗೆ ಈಗ ಸಾಕ್ಷಿ ಸಿಕ್ಕಿತೋ ಎಂದು ಅವರಿಗೆ ನಿದ್ದೆಯೇ ಇರಲಿಲ್ಲ.

ಬಿಚ್ಚಿ ನೋಡಿದರೆ ಅದು ಬಯನೆಟ್. ಉರ್ದುವಿನಲ್ಲಿ ಸಂಗೀನ್ ಎನ್ನುತ್ತಾರಲ್ಲ, ಬಂದೂಕಿನ ಮೂತಿಗೆ ಸಿಕ್ಕಿಸುವ ಚೂರಿ. ಇದನ್ನು ಗುರುತಿಸಲು ದೊಡ್ಡ ವಿದ್ಯೆ ಬೇಡ. ಮಕ್ಕಳ ಅಡಿಕೋಲು, ಒಂದು ಟಾರ್ಚ್ ಮತ್ತು ತಾಳ್ಮೆ ಸಾಕು. ಹಿಡಿಯ ಮುಂದಿನ ಅಡ್ಡಪಟ್ಟಿಯಲ್ಲಿ ಬಂದೂಕಿನ ನಳಿಗೆಯ ಮೂತಿ ಕೂರುವ ಉಂಗುರ, ಹಿಡಿಯ ತುದಿಯಲ್ಲಿ ಗಾಡಿ ಮತ್ತು ಒತ್ತುವ ಗುಂಡಿ ಇದ್ದರೆ ಅದು ಖಂಜರ್ ಅಲ್ಲವೇ ಅಲ್ಲ. ಟಿಪ್ಪುವಿನ ಕಾಲದ ಬಯನೆಟ್ಟಿಗೆ ಮರದ ಹಿಡಿ ಇರಲಿಲ್ಲ. ಆಗಿನದು ಕೊಳವೆ ಬಯನೆಟ್: ನಳಿಗೆಯ ಹೊರಗೆ ತೊಡಿಸುವ ಕಬ್ಬಿಣದ ಕೊಳವೆ, ಅದರ ಪಕ್ಕದಿಂದ ಚಾಚಿದ ಮುಮ್ಮೂಲೆಯ ಚುಚ್ಚುಗೋಲು, ಸುಮಾರು 17 ಇಂಚು. ಅದರಿಂದ ಹಣ್ಣು ಕೂಡ ಕತ್ತರಿಸಲಾಗದು, ಬರೇ ಚುಚ್ಚಲಿಕ್ಕೆ. 1791ರ ಕೊಪ್ಪಳದ ಮುತ್ತಿಗೆಯಿಂದ 1858ರವರೆಗಿನ ಸಿಪಾಯಿಗಳ ಬಂದೂಕಿಗೆ ಇದ್ದದ್ದು ಈ ಜಾತಿ. ಶ್ರೀರಂಗಪಟ್ಟಣದ ಆಯುಧಗಳಲ್ಲಿ ಹುಲಿಪಟ್ಟೆಯ ಗುರುತೂ ಸಾಮಾನ್ಯ.

ಚಪ್ಪಟೆ ಅಲಗು, ಮರದ ಹಿಡಿ ಇರುವವು ಬಹುತೇಕ ಆಮೇಲಿನವು. ನಮ್ಮ ದೇಶದಲ್ಲಿ ಹೆಚ್ಚು ಸಿಗುವುದು ಲೀ ಎನ್‌ಫೀಲ್ಡ್ ರೈಫಲಿನದು. 1907ರ ಮಾದರಿಗೆ 17 ಇಂಚಿನ ಅಲಗು; ಅದನ್ನು ಜಪಾನಿನ ಬಯನೆಟ್ ನೋಡಿ ಮಾಡಿದ್ದು. ಅಲಗಿನ ಬುಡದಲ್ಲಿ 1907 ಎಂದು ಇರುವುದನ್ನು ಕಂಡು ಆ ವರ್ಷವೇ ತಯಾರಾಯಿತೆಂದು ಹೇಳುವವರಿದ್ದಾರೆ. ಅದು ಮಾದರಿಯ ವರ್ಷ. ತಯಾರಾದ ತಿಂಗಳು, ವರ್ಷ ಬೇರೆಯಾಗಿ, ಸಣ್ಣ ಅಂಕಿಗಳಲ್ಲಿ ಇರುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಷ್ಟುದ್ದ ಬೇಡವೆಂದು ಭಾರತದಲ್ಲಿ 12 ಇಂಚಿನವನ್ನು ಮಾಡಿದರು, ಹಳೆಯ ಉದ್ದದವುಗಳಲ್ಲಿ ಎಷ್ಟೋ ಕತ್ತರಿಸಿ ಗಿಡ್ಡ ಮಾಡಿದರು.

ನಮ್ಮ ಮುಂದಿದ್ದ ಅಲಗು ಅಳೆದರೆ ಸರಿಯಾಗಿ 12 ಇಂಚು. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ ಹಳೆ ಬನಿಯನ್ ಬಟ್ಟೆಯಲ್ಲಿ ಎರಡು ದಿನ ಮೆಲ್ಲಗೆ ಉಜ್ಜಿದ ಮೇಲೆ ಆ "ಅರಬಿ" ಕಂಡಿತು: ಒಂದು ಕಿರೀಟ, ಅದರ ಕೆಳಗೆ ಜಿ ಆರ್ ಐ. ಜಾರ್ಜ್ ದೊರೆ, ಚಕ್ರವರ್ತಿ ಎಂಬುದಕ್ಕೆ ಲ್ಯಾಟಿನ್ ಅಕ್ಷರಗಳು. ತುಕ್ಕು ತಿಂದ ಕಿರೀಟವೇ ಜನರ ಕಣ್ಣಿಗೆ ಅರಬಿಯಾಗಿತ್ತು! ಅದರಡಿ ಆರ್ ಎಫ್ ಐ ಎಂದಿತ್ತು. ಅಂದರೆ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ. ಕೊನೆಗೆ 4 ಮತ್ತು 44. ಏಪ್ರಿಲ್ 1944.

ಟಿಪ್ಪು ಶಹೀದರಾದದ್ದು 1799ರಲ್ಲಿ. ಮೊಮ್ಮಗನ ಲಕ್ಷ ಅಲ್ಲಿಗೇ ಮುಗಿಯಿತು. ತಾಯಿಯ ಪ್ರಶ್ನೆ ಅಷ್ಟು ಸುಲಭದ್ದಲ್ಲ. ಕಬ್ಬಿಣ ತಾನು ಎಲ್ಲಿ ಹುಟ್ಟಿದೆ ಎಂದು ಹೇಳುತ್ತದೆ, ಯಾರ ಕೈಯಲ್ಲಿತ್ತು ಎಂದು ಹೇಳುವುದಿಲ್ಲ. ಇಂಥ ಬಯನೆಟ್ ಬರ್ಮಾದಲ್ಲಿ ಜಪಾನಿಯರ ಎದುರು ನಿಂತ ಭಾರತದ ಸೈನಿಕನ ಸೊಂಟದಲ್ಲೂ ಇತ್ತು. 1948ರಲ್ಲಿ ಹೈದರಾಬಾದಿಗೆ ಬಂದ ಭಾರತೀಯ ಸೈನ್ಯದ ರೈಫಲೂ ಲೀ ಎನ್‌ಫೀಲ್ಡೇ. ಯುದ್ಧ ಮುಗಿದು ಮನೆಗೆ ಬಂದವರು ನೆನಪಿಗೆಂದು ತಂದದ್ದೂ ಇರುತ್ತದೆ. ಇದನ್ನೆಲ್ಲಾ ಬಿಡಿಸಿ ಹೇಳಿ, "ಅಮ್ಮಾ, ಈ ಚೂರಿ ನಿಮ್ಮ ಮೈದುನ ಭಾವನ ಮೇಲೆ ಯಾವ ಸಾಕ್ಷಿಯೂ ಹೇಳೋದಿಲ್ಲ. ಚೂರಿ ಹೇಳದ್ದನ್ನು ಊರಿನವರೂ ಹೇಳೋದು ಬೇಡ" ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಎಪ್ಪತ್ತು ವರ್ಷ ಯಾರೂ ಇದನ್ನ ಬಿಚ್ಚಿ ನೋಡಲಿಲ್ಲ ನೋಡ್ರಿ" ಎಂದರು.

ಸರಕಾರದ ಕೈಯಲ್ಲೇ ಇರುವ ವಸ್ತುವಿನ ಗುರುತು ಹತ್ತಲಿಕ್ಕೂ ಸಮಯ ಬೇಕಾಗುತ್ತದೆ. ಹೊಸನಗರ ತಾಲೂಕಿನ ನಗರದಲ್ಲಿ 2002ರಲ್ಲಿ ಬತ್ತಿದ ಬಾವಿಯ ಹೂಳು ತೆಗೆದಾಗ ಸುಮಾರು 160 ಕಬ್ಬಿಣದ ಕೊಳವೆಗಳು ಸಿಕ್ಕಿದವು. ಮೊದಲು ಫಿರಂಗಿಯ ಶೆಲ್ ಎಂದುಕೊಂಡರು. ಟಿಪ್ಪು ಕಾಲದ ರಾಕೆಟ್ ಎಂದು ತಿಳಿದದ್ದು ವರ್ಷಗಳ ನಂತರ. 2018ರಲ್ಲಿ ಅಲ್ಲೇ ಮತ್ತೆ ಸಾವಿರದಷ್ಟು ಸಿಕ್ಕಿದವು. ಅಲ್ಲಿ ಟಿಪ್ಪುವಿನ ಹೆಸರು ನಿಜವಾಗಿಯೇ ಇತ್ತು, ಇಲ್ಲಿ ಇರಲಿಲ್ಲ. ಎರಡೂ ಕಡೆ ತೀರ್ಮಾನ ಮಾಡಿದ್ದು ವಸ್ತುವೇ, ಬಾಯಿಮಾತಲ್ಲ.

ಕಾನೂನಿನ ಮಾತು ಬಿಡಬಾರದು. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬಯನೆಟ್ ಎಂಬ ಹೆಸರು ಇದೆ. 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನವೂ ಅದೇ ಪಟ್ಟಿಯಲ್ಲಿವೆ; ಅಡುಗೆಯ, ಹೊಲಗೆಲಸದ ಕತ್ತಿಗಳಂಥವಕ್ಕೆ ವಿನಾಯಿತಿ ಇದೆ. ಹಾಗಾಗಿ ಇಂಥದ್ದು ಸಿಕ್ಕಿದರೆ ಕೈಯಲ್ಲಿ ಹಿಡಿದು ಫೋಟೋ ತೆಗೆಸಿ ವಾಟ್ಸ್‌ಆ್ಯಪಿಗೆ ಹಾಕುವ ಹುಡುಗಾಟ ಬೇಡ. ಕಾಲ ಹೇಗಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಜಮಾಅತಿನ ಇಬ್ಬರು ಹಿರಿಯರನ್ನು ಕರೆದುಕೊಂಡು ಠಾಣೆಗೆ ಹೋಗಿ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆಯಿರಿ. ಆ ಕುಟುಂಬವೂ ಹಾಗೇ ಮಾಡಿತು. ಮಣ್ಣಿನಡಿ ಸಿಕ್ಕಿದ ಬೆಲೆಯುಳ್ಳ ವಸ್ತುವಾದರೆ ನಿಧಿ ಕಾಯ್ದೆಯೂ ಬರುತ್ತದೆ, ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು.

ಕೈಯಿಂದ ಕೈಗೆ ಕೊಡುವಾಗ ಬಟ್ಟೆ ಸುತ್ತಿಯೇ ಕೊಡಿ. ಒರೆ ಇಲ್ಲದ ಖಡ್ಗವನ್ನು ಕೈಬದಲಿಸಬಾರದೆಂದು ಹದೀಸಿನಲ್ಲೂ ಇದೆ. ಕುಲುಮೆಯವನ ಹತ್ತಿರ ಒಯ್ದು ಸಾಣೆ ಹಿಡಿಸಬೇಡಿ, ಉಪ್ಪುಕಾಗದ ಮುಟ್ಟಿಸಬೇಡಿ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ. ಉಜ್ಜುವ ಮೊದಲು ಅಡಿಕೋಲು ಪಕ್ಕದಲ್ಲಿಟ್ಟು ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ. ಅಲಗಿನ ಬುಡ, ಅಡ್ಡಪಟ್ಟಿ, ಹಿಡಿಯ ತುದಿ, ಈ ಮೂರರ ಹತ್ತಿರದ ಚಿತ್ರ ಇದ್ದರೆ ಪುರಾತತ್ವ ಇಲಾಖೆಯವರಿಗೆ ತೋರಿಸಲು ಸಾಕಾಗುತ್ತದೆ.