ಹಳ್ಳದ ಕಲ್ಲಿನ ಮೇಲೊಂದು ಗಾಜಿನ ಲೋಕ

ಮಲೆನಾಡಿನ ಹಳ್ಳವನ್ನು ಬರಿಗಾಲಿನಲ್ಲಿ ದಾಟಿದವರಿಗೆ ಕಲ್ಲಿನ ಜಾರಿಕೆಯ ಪರಿಚಯ ಹೇಳಬೇಕಾದುದಿಲ್ಲ. ಕೊಪ್ಪ ತಾಲ್ಲೂಕಿನ ನಾರ್ವೆಯ ಕಡೆ ಬೇಸಗೆಯ ರಜೆಯಲ್ಲಿ ನಾನೂ ಹೀಗೊಮ್ಮೆ ಜಾರಿ ಮೊಣಕಾಲು ತರಚಿಕೊಂಡೆ. ಕಲ್ಲಿಗೆ ಅಂಟಿದ್ದುದು ಹಸಿರು ಹಾವಸೆಯಲ್ಲ, ಕಂದುಬಣ್ಣದ ತೆಳುವಾದ ಲೋಳೆ. ಅದರ ಒಂದು ಚೂರನ್ನು ಸೀಸೆಯಲ್ಲಿ ತಂದು, ಸಸ್ಯಶಾಸ್ತ್ರ ಬೋಧಿಸುವ ಮಿತ್ರರ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮಾತನ್ನೇ ಕಸುಬಾಗಿಸಿಕೊಂಡ ಕನ್ನಡ ಮೇಷ್ಟರಿಗೆ ಮಾತು ಹೊರಡಲಿಲ್ಲ. ಒಂದು ದೋಣಿಯಂತೆ, ಒಂದು ಬೆಣೆಯಂತೆ, ಇನ್ನೊಂದು ನೇಕಾರನ ಲಾಳಿಯಂತೆ! ಮೈತುಂಬ ನವಿರಾದ ಗೆರೆಗಳು.

ಇವೇ ಡಯಾಟಮ್‌ಗಳು, ಏಕಕೋಶದ ಪಾಚಿಗಳು. ಬಹುಪಾಲಿನವು ಮಿಲಿಮೀಟರಿನ ಐದನೆಯ ಒಂದು ಪಾಲನ್ನೂ ಮೀರವು. ನೀರಿನಲ್ಲಿ ಕರಗಿದ ಸಿಲಿಕಾವನ್ನು ಹೀರಿ ಇವು ತಮಗೊಂದು ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ಗಾಜಿನ ಮುಖ್ಯ ದ್ರವ್ಯವೂ ಸಿಲಿಕಾವೇ. ಗದ್ದೆಗಿಳಿದವರ ಕೈಯನ್ನು ಭತ್ತದ ಎಲೆಯಂಚು ಕೊಯ್ಯುವುದೂ ಅದರಿಂದಲೇ. ಈ ಚಿಪ್ಪಿಗೆ ಎರಡು ಹೋಳುಗಳು: ಕುಂಕುಮದ ಭರಣಿ ಮತ್ತು ಅದರ ಮುಚ್ಚಳದಂತೆ ಒಂದರೊಳಗೊಂದು ಕೂಡುವಂಥವು.

ಕೋಶ ಇಬ್ಭಾಗವಾಗುವಾಗ ಮಕ್ಕಳಿಬ್ಬರಿಗೂ ಒಂದೊಂದು ಹೋಳು ಪಾಲಿಗೆ ಬರುತ್ತದೆ. ಆದರೆ ಇಬ್ಬರೂ ಅದನ್ನೇ ಮುಚ್ಚಳವೆಂದು ಬಗೆದು, ಒಳಗಿನ ಚಿಕ್ಕ ಹೋಳನ್ನೇ ಹೊಸದಾಗಿ ಕಟ್ಟುತ್ತಾರೆ. ಆದುದರಿಂದ ತಲೆಮಾರು ಕಳೆದಂತೆ ಸಂತತಿಯ ಗಾತ್ರ ಕುಗ್ಗುತ್ತ ಬರುತ್ತದೆ. ಕೊನೆಗೆ ಲೈಂಗಿಕ ಸಂಯೋಗದಿಂದ ಹುಟ್ಟಿದ ಜೀವಕೋಶ ಹಳೆಯ ಚಿಪ್ಪನ್ನು ಕಳಚಿ, ಉಬ್ಬಿ, ಪೂರ್ವಜರ ಗಾತ್ರವನ್ನು ಮರಳಿ ಪಡೆಯುತ್ತದೆ.

ಇಷ್ಟು ಅಲ್ಪಜೀವಿಯ ಉಪಕಾರ ಅಲ್ಪವಲ್ಲ. ಭೂಮಂಡಲದಲ್ಲಿ ಬಿಸಿಲಿನಿಂದ ಆಹಾರ ತಯಾರಾಗುವ ಕಾರ್ಯದಲ್ಲಿ ಸುಮಾರು ಐದನೆಯ ಒಂದು ಪಾಲು ಇವುಗಳದು. ಸತ್ತ ಡಯಾಟಮ್‌ಗಳ ಚಿಪ್ಪು ನೀರಿನ ತಳದಲ್ಲಿ ಯುಗಯುಗಗಳಿಂದ ಸಂಚಯವಾಗಿ ಹಗುರವಾದ ಬಿಳಿಮಣ್ಣಾಗುತ್ತದೆ. ನೈಟ್ರೋಗ್ಲಿಸರಿನ್ನನ್ನು ಈ ಮಣ್ಣಿಗೆ ಹೀರಿಸಿಯೇ ಆಲ್‌ಫ್ರೆಡ್ ನೊಬೆಲ್ 1867ರಲ್ಲಿ ಡೈನಮೈಟಿಗೆ ಪೇಟೆಂಟ್ ಪಡೆದದ್ದು. ದ್ರವಗಳನ್ನು ಶೋಧಿಸಲು, ಲೋಹಕ್ಕೆ ಮೆರುಗು ಕೊಡಲು, ಕಾಳಿನ ಹುಳುಗಳ ಮೈಮೇಣವನ್ನು ಕೆರೆದು ಅವನ್ನು ಒಣಗಿಸಿ ಕೊಲ್ಲಲು ಇಂದಿಗೂ ಅದು ಬಳಕೆಯಲ್ಲಿದೆ.

ನಮ್ಮ ನಾಡಿನ ಡಯಾಟಮ್‌ಗಳ ಕಥೆಯಲ್ಲಿ ಎಚ್. ಪಿ. ಗಾಂಧಿಯವರ ಹೆಸರು ಚಿರಸ್ಮರಣೀಯ. ಸಾಗರದ ಸಿಹಿನೀರಿನ ಡಯಾಟಮ್‌ಗಳನ್ನು ಕುರಿತು 1959ರಲ್ಲಿ, ಜೋಗ ಜಲಪಾತದವನ್ನು ಕುರಿತು 1966ರಲ್ಲಿ ಅವರು ಪ್ರಬಂಧಗಳನ್ನು ಪ್ರಕಟಿಸಿದರು. ಹಿರೇಭಾಸ್ಕರ ಅಣೆಕಟ್ಟಿನ ಪ್ರದೇಶವನ್ನೂ ಅವರು ಪರಿಶೀಲಿಸಿದ್ದರು. ಆ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮುಳುಗಿತು. ಅಲ್ಲಿನ ಹಳೆಯ ನೀರು ಹೇಗಿತ್ತೆಂಬುದಕ್ಕೆ ಅವರ ಬರಹ ಸಾಕ್ಷಿಯಾಗಿ ಉಳಿಯಿತು.

ಸಾಕ್ಷಿಯೆಂದುದು ಅಲಂಕಾರಕ್ಕಲ್ಲ. ಒಂದು ಜಾತಿಯ ಡಯಾಟಮ್‌ಗೆ ತಿಳಿನೀರೇ ಬೇಕು. ಮತ್ತೊಂದು ಕೊಳಕಿನಲ್ಲೂ ಬಾಳುತ್ತದೆ. ಕಲ್ಲಿನ ಲೋಳೆಯಲ್ಲಿ ಯಾವ ಜಾತಿ ಎಷ್ಟಿದೆಯೆಂದು ಎಣಿಸಿ ನೀರಿನ ಆರೋಗ್ಯವನ್ನು ಅಳೆಯುವ ಕ್ರಮ ಇಂದು ಹಲವು ದೇಶಗಳಲ್ಲಿದೆ. ನಮ್ಮ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ ಸಿಂಪಡಿಸದೆ ಅಡಿಕೆ ಉಳಿಯದು, ನಿಜ. ಆದರೆ ತಾಮ್ರ ಪಾಚಿಗೂ ವಿಷವೇ. ಡ್ರಮ್ಮು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವ ಮುನ್ನ ಒಂದು ಕ್ಷಣ ಯೋಚಿಸಬೇಡವೆ? ಆ ಹಳ್ಳದ ನೀರನ್ನೇ ಕೆಳಗಿನ ಊರಿನವರು ಬಳಸುತ್ತಾರೆ.

ಮೊಣಕಾಲಿನ ಗಾಯ ವಾರದಲ್ಲಿ ಮಾಯಿತು. ಅಂದಿನಿಂದ ಹಳ್ಳದ ಕಲ್ಲು ಜಾರಿದರೆ ನನಗೆ ಸಿಟ್ಟು ಬರುವುದಿಲ್ಲ. ನೀರಿನ್ನೂ ಜೀವಂತವಾಗಿದೆಯೆಂದು ಸಮಾಧಾನವೇ ಆಗುತ್ತದೆ.