ಮತ್ತೆ ಬಂದು ಕೇಳುವ ವಿದ್ಯೆ

ಬೇಸಾಯದ ಮನೆಯೊಂದರ ಜಗಲಿಯಲ್ಲಿ ಕೂತು ‘ವರ್ಷಕ್ಕೆ ನಿಮ್ಮ ವರಮಾನ ಎಷ್ಟು?’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಏನ್ ವರಮಾನ ಸ್ವಾಮಿ, ಹಾಕಿದ್ದು ಬಂದ್ರೆ ಸಾಕು.’ ಇದು ಸುಳ್ಳಲ್ಲ, ನುಣುಚಿಕೊಳ್ಳುವ ಮಾತೂ ಅಲ್ಲ. ಆ ಮನೆಗೆ ದುಡ್ಡು ಇಡಿಯಾಗಿ ಬರುವುದೇ ಇಲ್ಲ. ಹಾಲಿನ ಬಟವಾಡೆ ಬರುವ ಹೊತ್ತು ಬೇರೆ, ಕಬ್ಬಿನ ಹಣ ಕಾರ್ಖಾನೆಯವರು ಕೊಟ್ಟಾಗ. ರಾಗಿ ಮನೆಯ ಚೀಲಕ್ಕೆ ಹೋಗುತ್ತದೆ, ರಾಗಿಹುಲ್ಲು ಹಸುವಿನ ಹೊಟ್ಟೆಗೆ. ಇದನ್ನೆಲ್ಲ ಕೂಡಿಸಿ ಒಂದು ಅಂಕಿ ಹೇಳಿ ಎಂದರೆ ಯಾರು ತಾನೇ ಹೇಳಿಯಾರು?

ಗ್ರಾಮ ಸಮೀಕ್ಷೆಯ ಕಸುಬು ಬಲ್ಲವರು ಈ ಪ್ರಶ್ನೆ ಕೇಳುವುದಿಲ್ಲ. ಅವರು ಗದ್ದೆಯಿಂದ ಗದ್ದೆಗೆ ಹೋಗುತ್ತಾರೆ. ಕಾಲುವೆ ಪಕ್ಕದ ಆ ಒಂದೆಕರೆಗೆ ಈ ಸಲ ಏನಿಟ್ಟಿರಿ? ಬಿತ್ತನೆ ಬೀಜ ಮನೆಯದೋ ತಂದದ್ದೋ? ಉಳುಮೆಗೆ ಟ್ರ್ಯಾಕ್ಟರ್ ಎಷ್ಟು ಗಂಟೆ? ನಾಟಿಗೆ ಕೂಲಿಯಾಳೋ ಮುಯ್ಯಾಳೋ? ಎಷ್ಟು ಚೀಲ ಆಯಿತು, ಮನೆಗೆ ಎಷ್ಟು ಇಟ್ಟಿರಿ, ಉಳಿದದ್ದು ಎಲ್ಲಿಗೆ ಹೋಯಿತು? ಇವಕ್ಕೆ ರೈತನ ಬಾಯಲ್ಲಿ ಉತ್ತರ ಸಿದ್ಧವಿರುತ್ತದೆ. ಕೂಡಿ ಕಳೆಯುವ ಕೆಲಸ ಸಂಶೋಧಕನದು. ಕಾಲದ ಲೆಕ್ಕವೂ ಹಾಗೆಯೇ. ‘ಕಳೆದ ಹನ್ನೆರಡು ತಿಂಗಳಲ್ಲಿ’ ಎಂಬ ಕಚೇರಿ ಮಾತಿಗಿಂತ ‘ಹೋದ ಯುಗಾದಿಯಿಂದ ಈಚೆಗೆ’ ಎಂದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ವಿಶ್ವವಿದ್ಯಾನಿಲಯವೊಂದು ಊರಿನ ಜಗಲಿಗೆ ಬಂದು ಕೂರುವ ಈ ಪದ್ಧತಿಗೆ ನಮ್ಮ ಕಡೆ ನೂರು ವರ್ಷ ದಾಟಿದೆ. ಮದರಾಸು ವಿಶ್ವವಿದ್ಯಾನಿಲಯಕ್ಕೆ ಅರ್ಥಶಾಸ್ತ್ರದ ಮೊದಲ ಪ್ರಾಧ್ಯಾಪಕರಾಗಿ ಬಂದ ಗಿಲ್ಬರ್ಟ್ ಸ್ಲೇಟರ್, 1916ರಲ್ಲಿ ತಮ್ಮ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಟ್ಟು ಹಳ್ಳಿಗಳಿಗೆ ಕಳಿಸಿದರು. ಅವರು ಬರೆದು ತಂದದ್ದು 1918ರಲ್ಲಿ ಪುಸ್ತಕವಾಯಿತು. ಹುಡುಗರ ಬರವಣಿಗೆ, ಒಂದೊಂದು ಊರಿನದು ಒಂದೊಂದು ತೂಕ. ಆದರೆ 1930ರ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯದ ಪಿ.ಜೆ. ಥಾಮಸ್ ಮತ್ತು ಕೆ.ಸಿ. ರಾಮಕೃಷ್ಣನ್ ಅವೇ ಊರುಗಳಿಗೆ ಮತ್ತೆ ಹೋದರು. ಅಲ್ಲಿಗೆ ಆ ಹಳೆಯ ಕಾಗದಗಳ ಬೆಲೆ ಒಮ್ಮೆಲೇ ಏರಿತು. ದಕ್ಷಿಣ ಆರ್ಕಾಟಿನ ಇರುವೇಲ್‌ಪಟ್ಟು ಎಂಬ ಊರಿಗಂತೂ 2008ರವರೆಗೂ ತಲೆಮಾರು ತಲೆಮಾರಿನ ಸಂಶೋಧಕರು ಹೋಗಿದ್ದಾರೆ. ದೊಡ್ಡ ಜಮೀನ್ದಾರರ ಹಿಡಿತದಲ್ಲಿದ್ದ ಊರು ಅದು. ಅಲ್ಲಿನ ಮುಖ್ಯ ಮನೆತನದ ಕೈಯಲ್ಲಿ 2008ರಲ್ಲೂ ಸಾಕಷ್ಟು ನೆಲವಿತ್ತು, ಊರಿನ ಮೇಲಿನ ಹಿಡಿತ ಮಾತ್ರ ಇರಲಿಲ್ಲ. ಒಂದೇ ಸಲ ಹೋಗಿ ಬಂದವರಿಗೆ ಇದು ಕಾಣುವ ಸಂಗತಿಯಲ್ಲ.

ನಮ್ಮ ಮಂಡ್ಯಕ್ಕೂ ಇಂಥದೊಂದು ಭಾಗ್ಯ ಸಿಕ್ಕಿತು. ವಿಯೆನ್ನಾದಲ್ಲಿ ಹುಟ್ಟಿ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಿಂದ ಬಂದ ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಮಂಡ್ಯದ ಬಳಿಯ ಎರಡು ಊರುಗಳಲ್ಲಿ ಕೆಲಸ ಮಾಡಿದರು. ಜನರ ಗುರುತು ಬಯಲಾಗದಂತೆ ಊರುಗಳಿಗೆ ವಂಗಲ, ದಲೇನ ಎಂದು ಸುಳ್ಳು ಹೆಸರಿಟ್ಟರು. ವಂಗಲಕ್ಕೆ ವಿಶ್ವೇಶ್ವರಯ್ಯ ಕಾಲುವೆಯ ನೀರು ಬಂದಿತ್ತು, ಕಬ್ಬು ಬಂತು, ಕಾಸು ಬಂತು. ದಲೇನದ ನೆಲಕ್ಕೆ ನೀರು ಹತ್ತಲಿಲ್ಲ. ಯಾವ ಊರು ಹೆಚ್ಚು ಬದಲಾಗಿರಬೇಕು? ನೀರಿನ ಊರೇ ಎಂದು ಯಾರಾದರೂ ಹೇಳುತ್ತಾರೆ. ಆದದ್ದು ತಿರುಗುಮುರುಗು. ವಂಗಲದವರು ಕೈಗೆ ಹಣ ಬಂದರೂ ಬೇಸಾಯದಲ್ಲೇ ಉಳಿದರು. ಒಕ್ಕಲಿಗರ ಮನೆಗೂ ದಲಿತ ಕೇರಿಗೂ ನಡುವಿನ ತಲೆತಲಾಂತರದ ದುಡಿಮೆಯ ಕಟ್ಟು ಬಹುಪಾಲು ಹಾಗೇ ಉಳಿಯಿತು. ದಲೇನದವರು ಮಂಡ್ಯದ ಕೆಲಸ, ಗಾಡಿ ಬಾಡಿಗೆ, ವ್ಯಾಪಾರ ಎಂದು ಹೊರಗೆ ಕಾಲಿಟ್ಟರು, ಹಳೆಯ ಕಟ್ಟುಗಳು ಸಡಿಲವಾದವು. ಎಪ್‌ಸ್ಟೈನ್ 1970ರಲ್ಲಿ ಮತ್ತೆ ಬಂದರು. 1998ರಲ್ಲಿ ಬಂದ ಪುಸ್ತಕದ ಮೇಲೆ ಅವರ ಹೆಸರಿನ ಜೊತೆಗೆ ಎ.ಪಿ. ಸೂರ್ಯನಾರಾಯಣ, ಟಿ. ತಿಮ್ಮೇಗೌಡ ಎಂಬ ಹೆಸರುಗಳೂ ಇವೆ. ಊರಿನ ಮಾತು ಬಲ್ಲವರನ್ನು ಸಹಾಯಕರ ಪಟ್ಟಿಯಲ್ಲಿ ಬಿಟ್ಟು ಮುಖಪುಟದಲ್ಲಿ ತಾವೊಬ್ಬರೇ ನಿಲ್ಲುವ ವಿದ್ವಾಂಸರೇ ಹೆಚ್ಚಿರುವಾಗ, ಇದು ನನಗೆ ದೊಡ್ಡ ಮಾತಾಗಿ ಕಾಣುತ್ತದೆ.

ಊರಿನಲ್ಲಿ ಮೊದಲು ಯಾರ ಮನೆಯ ಮುಂದೆ ಕೂತಿರಿ ಎನ್ನುವುದೂ ಈ ಕಸುಬಿನ ಭಾಗ. 1948ರಲ್ಲಿ ಮೈಸೂರಿನ ಹತ್ತಿರದ ‘ರಾಂಪುರ’ದಲ್ಲಿ ನೆಲೆಸಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರಿಗೆ ಬಿಡಾರ ಸಿಕ್ಕಿದ್ದು ಊರ ಯಜಮಾನರ ಎತ್ತು ಕಟ್ಟುವ ಮನೆಯಲ್ಲಿ. ತಾವು ಕಂಡದ್ದು ಮೇಲ್ಜಾತಿಯ ಕಡೆಯಿಂದ ಕಂಡ ಊರು ಎಂದು ಮುಂದೆ ಅವರೇ ಒಪ್ಪಿಕೊಂಡರು. ಈಗಿನ ತಂಡಗಳು ಅದಕ್ಕೇ ಎಲ್ಲ ಕೇರಿಗಳನ್ನೂ ಸುತ್ತಿ ನಕ್ಷೆ ಬರೆದು, ಮನೆಗಳಿಗೆಲ್ಲ ನಂಬರು ಹಾಕಿಕೊಂಡು, ಆಮೇಲೆ ಬಾಗಿಲು ತಟ್ಟುತ್ತವೆ. ಅಂಗನವಾಡಿ ಟೀಚರಿನ ರಿಜಿಸ್ಟರು ಇಲ್ಲಿ ಬಹಳ ಉಪಕಾರಿ. ಯಾವ ಮನೆ ಎರಡಾಗಿದೆ ಎನ್ನುವುದು ಪಂಚಾಯ್ತಿಗಿಂತ ಮೊದಲು ಅವರಿಗೆ ತಿಳಿದಿರುತ್ತದೆ. ಮನೆ ಎಂದರೆ ಸೂರಲ್ಲ, ಒಲೆ. ಒಂದೇ ಸೂರಿನ ಕೆಳಗೆ ಅಣ್ಣತಮ್ಮಂದಿರ ಒಲೆ ಎರಡಿದ್ದರೆ ಫಾರಂ ಕೂಡ ಎರಡು.

ಪಹಣಿ ನೋಡಿ ಬರೆದುಕೊಂಡರೆ ಕೆಲಸ ಸುಲಭ, ಉಪಯೋಗ ಕಡಿಮೆ. ಹೆಸರು ತೀರಿಹೋದ ತಂದೆಯದಿರುತ್ತದೆ, ಉಳುವವನು ಪಕ್ಕದ ಬೀದಿಯವನಿರುತ್ತಾನೆ. 1974ರ ಭೂಸುಧಾರಣೆಯ ನಂತರ ಗೇಣಿ ಕೊಡುವುದೇ ಕಾನೂನಿಗೆ ವಿರುದ್ಧವಾದ್ದರಿಂದ ‘ಗೇಣಿಗೆ ಕೊಟ್ಟಿದ್ದೀರಾ?’ ಎಂದರೆ ಎಲ್ಲರದೂ ‘ಇಲ್ಲ’. ‘ಆ ಹೊಲದಲ್ಲಿ ಈ ವರ್ಷ ಯಾರು ಬೆಳೆ ಇಟ್ಟರು?’ ಎಂದರೆ ಉತ್ತರ ಬರುತ್ತದೆ.

ಸಾಲದ ಮಾತು ಕೊನೆಗೆ, ಕಾಫಿ ಕುಡಿದ ಮೇಲೆ. ಸೊಸೈಟಿ ಸಾಲ ಗಂಡಸಿಗೆ ನೆನಪಿರುತ್ತದೆ. ಸಂಘದ ಕಂತು, ಅಡವಿಟ್ಟ ಓಲೆ, ತವರಿನಿಂದ ತಂದ ಕೈಸಾಲ ಹೆಂಗಸರಿಗೆ ಗೊತ್ತು. ಹೆಂಗಸರ ದುಡಿಮೆಯ ಲೆಕ್ಕವಂತೂ ಅತಿ ಸೂಕ್ಷ್ಮ. ‘ನಮ್ಮನೇಲಿ ಹೆಂಗಸರು ಕೆಲಸಕ್ಕೆ ಹೋಗಲ್ಲ’ ಎಂದು ಯಜಮಾನರು ಹೇಳುವ ಹೊತ್ತಿಗೆ ಆಕೆ ಹಾಲು ಕರೆದು ಡೈರಿಗೆ ಹಾಕಿ, ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದಿರುತ್ತಾಳೆ. ಫೌಂಡೇಷನ್ ಫಾರ್ ಅಗ್ರೇರಿಯನ್ ಸ್ಟಡೀಸ್ 2009ರಲ್ಲಿ ಮಂಡ್ಯದ ಆಲಬುಜನಹಳ್ಳಿ, ಕೋಲಾರದ ಸೀರೆಸಂದ್ರ, ಗುಲ್ಬರ್ಗದ ಝಾಪುರ ಈ ಮೂರೂ ಊರುಗಳಲ್ಲಿ ಮನೆ ಮನೆಯ ಸಮೀಕ್ಷೆ ಮಾಡಿತು. ಮುಂದೆ ಮೊದಲಿನ ಎರಡು ಊರುಗಳಿಗೆ ಮರಳಿ, ಹೆಂಗಸರ ದಿನ ಯಾವ ಯಾವ ಕೆಲಸದಲ್ಲಿ ಕಳೆಯುತ್ತದೆ ಎಂದು ಹೊತ್ತುಹೊತ್ತಿಗೆ ಬರೆದುಕೊಂಡಿತು. ‘ಕೆಲಸ ಮಾಡ್ತೀರಾ?’ ಎಂದಲ್ಲ, ‘ನಿನ್ನೆ ಎದ್ದ ಮೇಲೆ ಏನು ಮಾಡಿದಿರಿ? ಆಮೇಲೆ?’ ಎಂದು ಕೇಳುವ ಪದ್ಧತಿ ಇದು.

ರಾತ್ರಿ ಊಟವಾದ ಮೇಲೆ ಫಾರಂಗಳ ತಪಾಸಣೆ. ನನಗೆ ಈ ಕಸುಬಿನಲ್ಲಿ ಎಲ್ಲಕ್ಕಿಂತ ಮೆಚ್ಚಿಕೆಯಾದದ್ದು ಇದೇ. ಎರಡೆಕರೆಗೆ ಬೀಜ, ಒಂದೆಕರೆಗೆ ಆಗುವಷ್ಟೇ ಫಸಲು. ಎಲ್ಲಿ ಹೋಯಿತು ಉಳಿದದ್ದು? ಮೂರು ಹಸು, ಹುಲ್ಲಿನ ಖರ್ಚು ಮಾತ್ರ ಸೊನ್ನೆ. ಅಂದಾಜಿನಲ್ಲಿ ತುಂಬಿಸಿಬಿಡಬಹುದು, ಯಾರೂ ಹಿಡಿಯಲಾರರು. ತುಂಬಿಸುವುದಿಲ್ಲ. ಬೆಳಿಗ್ಗೆ ಡೈರಿಯ ಹೊತ್ತು ಮುಗಿಯುವಷ್ಟರಲ್ಲಿ ಆ ಮನೆಯ ಮುಂದೆ ಮತ್ತೆ ಹಾಜರು. ‘ಓ, ಆ ಒಂದೆಕರೆ ಅತಿವೃಷ್ಟಿಗೆ ಹೋಯ್ತಲ್ಲ’ ಎಂಬ ಒಂದು ವಾಕ್ಯಕ್ಕಾಗಿ.

ಎಲ್ಲ ಊರಿನಲ್ಲೂ ಎದುರಾಗುವ ಪ್ರಶ್ನೆ ಇನ್ನೊಂದಿದೆ: ‘ಇದ್ರಿಂದ ನಮಗೇನ್ ಸಿಗುತ್ತೆ?’ ಕೆಲವರಿಗೆ ಬಿಪಿಎಲ್ ಕಾರ್ಡು ಹೋದೀತೆಂಬ ಅಂಜಿಕೆ, ಕೆಲವರಿಗೆ ಮನೆ ಮಂಜೂರಾದೀತೆಂಬ ಆಸೆ. ಎರಡೂ ಆಗುವುದಿಲ್ಲವೆಂದು ಮೊದಲೇ ಹೇಳುವವರೇ ಒಳ್ಳೆಯ ತಂಡದವರು. ಅವರು ಕೊಡಬಹುದಾದದ್ದು ಒಂದೇ, ಬರೆದದ್ದನ್ನು ತಂದು ಊರಿಗೆ ಓದಿ ಹೇಳುವುದು. ಅರಳಿಕಟ್ಟೆಯ ಹತ್ತಿರ ಕೂತು ಕೇಳಿದವರು ಸುಮ್ಮನಿರುವುದಿಲ್ಲ. ಕೂಲಿ ದರ ಗಂಡಿಗೂ ಹೆಣ್ಣಿಗೂ ಒಂದೇ ಬರೆದಿದ್ದೀರಿ, ನಾಟಿಗೆ ಹಾಗಲ್ಲ, ಗುತ್ತಿಗೆ ಹಿಡಿದರೆ ಲೆಕ್ಕವೇ ಬೇರೆ ಎಂದು ಹಿಂದಿನ ಸಾಲಿನಿಂದ ಒಬ್ಬಾಕೆ ಹೇಳಿದರೆ, ಮುಂದಿನ ಸಲದ ಪ್ರಶ್ನಾವಳಿಯಲ್ಲಿ ನಾಟಿಯ ಗುತ್ತಿಗೆಗೆ ಬೇರೆಯೇ ಒಂದು ಕಲಂ ಇರುತ್ತದೆ.