ಇಂಗ್ಲಿಷ್ ಕಲಿಸಲು ವಿದೇಶಕ್ಕೆ ಹೋಗಬೇಕೇ?

ಇಂಗ್ಲಿಷಿನಲ್ಲಿ ಎಂ.ಎ. ಮುಗಿದಿದೆ. ಮುಂಬೈಯಲ್ಲೋ ಪುಣೆಯಲ್ಲೋ ಸಣ್ಣ ಖಾಸಗಿ ಶಾಲೆಯ ಸಂಬಳ ಮನೆ ಬಾಡಿಗೆಗೇ ಸಾಲುವುದಿಲ್ಲ. ಅಷ್ಟರಲ್ಲಿ ಮೊಬೈಲಿಗೆ ಒಂದು ಜಾಹೀರಾತು ಬರುತ್ತದೆ: 120 ಗಂಟೆಯ ಆನ್‌ಲೈನ್ ಕೋರ್ಸ್ ಮಾಡಿ, ಯಾವ ದೇಶದಲ್ಲಾದರೂ ಇಂಗ್ಲಿಷ್ ಕಲಿಸಿ! ದುಡ್ಡು ಕಟ್ಟುವ ಮೊದಲು ಸ್ವಲ್ಪ ತಡೆಯಿರಿ.

ಕಹಿ ಮಾತನ್ನು ಮೊದಲೇ ಹೇಳಿಬಿಡೋಣ. ಈ ಕೆಲಸದಲ್ಲಿ ಕೆಲವು ದೇಶಗಳು ನಿಮ್ಮ ಇಂಗ್ಲಿಷಿಗಿಂತ ಮೊದಲು ನಿಮ್ಮ ಪಾಸ್‌ಪೋರ್ಟ್ ನೋಡುತ್ತವೆ. ದಕ್ಷಿಣ ಕೊರಿಯಾದಲ್ಲಿ ಇಂಗ್ಲಿಷ್ ಕಲಿಸಲು ಕೊಡುವ ಇ-2 ವೀಸಾ ಮುಖ್ಯವಾಗಿ ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರಿಗೆ. 2010ರಲ್ಲಿ ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ ನಮಗೂ ಒಂದು ಸಣ್ಣ ಬಾಗಿಲು ತೆರೆದಿದೆ. ಆದರೆ ಅದು ಶಿಕ್ಷಕರ ಅರ್ಹತೆ ಇದ್ದವರಿಗೆ ಮಾತ್ರ, ಸರ್ಕಾರಿ ಶಾಲೆಯ ಸಹಾಯಕ ಹುದ್ದೆಗೆ ಮಾತ್ರ.

ಇದರಿಂದ ನಿಮ್ಮ ಯೋಗ್ಯತೆ ಕಡಿಮೆ ಅಂತ ಅಲ್ಲ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಅಂತ ಬೆಳೆದವರು ನಾವು. ಪರಭಾಷೆ ಕಲಿಯುವ ಮಗು ಎಲ್ಲಿ ಎಡವುತ್ತದೆ ಎಂಬುದು ನಮಗೆ ಅನುಭವದಿಂದಲೇ ಗೊತ್ತು. ಆದರೆ ವೀಸಾ ಅಧಿಕಾರಿ ಅನುಭವ ಕೇಳುವುದಿಲ್ಲ, ಕಾಗದ ಕೇಳುತ್ತಾನೆ.

ನಮ್ಮವರಿಗೆ ಹೆಚ್ಚು ಹತ್ತಿರದ ದಾರಿ ಕೊಲ್ಲಿ ದೇಶಗಳದ್ದು. ಅಲ್ಲಿ ಸಿಬಿಎಸ್‌ಇ ಪಠ್ಯಕ್ರಮದ ಭಾರತೀಯ ಶಾಲೆಗಳು ಬಹಳ ಇವೆ. ಅವು ಸಾಮಾನ್ಯವಾಗಿ ಕೇಳುವುದು ಪದವಿಯ ಜೊತೆ ಬಿ.ಎಡ್. ಮತ್ತು ಕಲಿಸಿದ ಅನುಭವ. ಆದ್ದರಿಂದ ಕೋರ್ಸಿಗೆ ದುಡ್ಡು ಹಾಕುವುದಾದರೆ ಎರಡು ವರ್ಷದ ಬಿ.ಎಡ್.ಗೆ ಹಾಕಿ. ವಿದೇಶ ತಪ್ಪಿದರೂ ಅದು ಊರಲ್ಲಿ ಅನ್ನ ಕೊಡುತ್ತದೆ.

ಕಾಗದಪತ್ರಕ್ಕೆ ಸಮಯ ಇಟ್ಟುಕೊಳ್ಳಿ. ಪದವಿ ಕೊಟ್ಟ ರಾಜ್ಯದಲ್ಲಿ ಮೊದಲ ಮುದ್ರೆ, ಆಮೇಲೆ ವಿದೇಶಾಂಗ ಸಚಿವಾಲಯ, ಯುಎಇಗಾದರೆ ಅದರ ರಾಯಭಾರ ಕಚೇರಿ. ನೀವು ಮುಂಬೈಯಲ್ಲಿದ್ದರೂ ಮಂಗಳೂರಿನ ಪದವಿಗೆ ಸಾಮಾನ್ಯವಾಗಿ ಕರ್ನಾಟಕದ ಮುದ್ರೆಯೇ ಬೇಕು.

ಇನ್ನು ಕರಾರು. ಒಟ್ಟು ಸಂಬಳ ನೋಡಿ ಮರುಳಾಗಬೇಡಿ, ಮೂಲ ವೇತನ ಎಷ್ಟು ಅಂತ ಕೇಳಿ. ಯುಎಇಯಲ್ಲಿ ಒಂದು ವರ್ಷ ಪೂರೈಸಿದವರಿಗೆ ಸಿಗುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲ ವೇತನ. ಮೂಲ ವೇತನ ಕಡಿಮೆ ತೋರಿಸಿದರೆ ಆ ಗಂಟೂ ಕಡಿಮೆ. ಮನೆ, ವಿಮೆ, ರಜೆಯ ಟಿಕೆಟ್ ಬರಹದಲ್ಲಿ ಇದೆಯೇ? ಬಾಯಿಮಾತು ನಂಬಬೇಡಿ. ಯುಎಇ, ಸೌದಿಯಲ್ಲಿ ವೀಸಾ ಖರ್ಚು ಕಾನೂನಿನಂತೆ ಮಾಲೀಕರದ್ದು. ಭಾರತದ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಜೊತೆಗೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ‘ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ನೋಡೋಣ’ ಅಂದರೂ ಎದ್ದು ಬನ್ನಿ. ಆ ವೀಸಾದಲ್ಲಿ ಪಾಠ ಮಾಡಿ ಸಿಕ್ಕಿಬಿದ್ದರೆ ಅಪರಾಧ ನಿಮ್ಮ ತಲೆಗೂ ಬರುತ್ತದೆ.

ಕೊನೆಗೆ ಮನೆಯವರ ಜೊತೆ ಕೂತು ಲೆಕ್ಕ ಹಾಕಿ. ಬಾಡಿಗೆ, ಊಟ, ಮಕ್ಕಳ ಫೀಸು ಕಳೆದು ಏನು ಉಳಿಯುತ್ತದೆ? ಎರಡು ವರ್ಷದ ನಂತರ ವಾಪಸು ಬರಬೇಕಾದರೆ ಇಲ್ಲಿ ಏನಿದೆ? ಸಾಲ ಮಾಡದೆ ಹೋಗಲು ಆಗುತ್ತದೆಯೇ? ಈ ಮೂರಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಹೊರಡಿ. ಇಲ್ಲದಿದ್ದರೆ ಇನ್ನೊಂದು ವರ್ಷ ಇಲ್ಲೇ ಕಲಿಸಿ, ಅನುಭವ ಕೂಡಿಸಿಕೊಳ್ಳಿ. ಆ ವರ್ಷವೂ ನಿಮ್ಮ ಅರ್ಜಿಯಲ್ಲಿ ಲೆಕ್ಕಕ್ಕೆ ಬರುತ್ತದೆ.